ಎರಡನೇ ಕುದುರೆ

ಜರ್ಮನಿಯಲ್ಲಿ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪು
ನಾರಿನ್ ದಾಟಿ ನಮ್ಮ ಅತ್‌ಬಾಷಿಗೆ ಬಂದದ್ದು
ಈರುಳ್ಳಿ ಮೂಟೆಯ ಮೇಲೆ ಕೂತು.
ಅದರ ಕೀಲಿಮಣೆಯಲ್ಲಿ ವೈ ಇರಬೇಕಾದಲ್ಲಿ ಜೆಡ್,
ಜೆಡ್ ಇರಬೇಕಾದಲ್ಲಿ ವೈ.
ಮುಂದುವರಿಯಲೇ ಎಂದು ಅದು ಕೇಳಿದರೆ
ಹೌದೆನ್ನಲು ಜೆಡ್ ಒತ್ತಬೇಕು.
ಇದು ತಿಳಿಯದೆ ಮೂರು ದಿನ
ಎಲ್ಲದಕ್ಕೂ ಇಲ್ಲ ಎಂದಿದ್ದೆ.

ಒಳಗಿರುವುದು ಲಿನಕ್ಸು. ಬಿಟ್ಟಿ ಸಿಸ್ಟಮ್ಮು ಅಂದರೆ
ಎಸೆನ್‌ಗೆ ಸಿಟ್ಟು:
"ಬಿಟ್ಟಿಯಲ್ಲ ಅಕ್ಕ, ಬಿಡುಗಡೆ."
ಹದಿನಾಲ್ಕು ವರ್ಷ, ಮೂಗಿನ ತುದಿ ಸದಾ ಕೆಂಪು.
ಬಿಡುಗಡೆಯೇ ಇರಲಿ ಮಾರಾಯ,
ಗಾಳಿಯಲ್ಲಿ ಇರುವುದನ್ನು ಇದು ಹಿಡಿಯುತ್ತಿಲ್ಲವಲ್ಲ.

ತಿರುಪು ಬಿಚ್ಚಿ ನೋಡಿದೆವು, ಕಾರ್ಡ್ ಇದೆ:
ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಹಸಿರು ಹಲಗೆ,
ಕಪ್ಪೊಂದು ಬಿಳಿಯೊಂದು ತಂತಿ.
ಅದಕ್ಕೆ ಫರ್ಮ್‌ವೇರ್ ಬೇಕಂತೆ,
ಫರ್ಮ್‌ವೇರ್ ಇಂಟರ್ನೆಟ್ಟಿನಲ್ಲಿದೆಯಂತೆ,
ಇಂಟರ್ನೆಟ್ಟಿಗೆ ಕಾರ್ಡ್ ನಡೆಯಬೇಕಂತೆ.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.

ಗುರುವಾರ ಮಿನಿಬಸ್ಸಿನ ತಲಾಯ್ ಕೈಗೆ
ಪೆನ್‌ಡ್ರೈವ್ ಕೊಟ್ಟೆ, ಚೀಟಿಯಲ್ಲಿ ಕಾರ್ಡಿನ ನಂಬರು.
ನಾರಿನ್‌ನಲ್ಲಿ ಅವನ ಷಡ್ಡಕನಿಗೆ ಫೋನಂಗಡಿ.
ಶುಕ್ರವಾರ ರಾತ್ರಿ ತಿರುಗಿ ಬಂತು,
ಕೇಳಿದ ಫೈಲು ಒಂದು,
ಕೇಳದಿದ್ದ ಮದುವೆ ವಿಡಿಯೋ ಆರು.

ಶನಿವಾರ ಸಂಜೆಯೊಳಗೆ ಓದುಗರ ಲೆಕ್ಕ ಕಳಿಸಬೇಕು.
ಈ ವರ್ಷದಿಂದ ಕಾಗದ ನಡೆಯುವುದಿಲ್ಲ.
ಲೆಕ್ಕ ಬರದ ಲೈಬ್ರರಿಗೆ ಕಲ್ಲಿದ್ದಲೂ ಇಲ್ಲ.

ಎಸೆನ್ ಬೆರಳಿಗೆ ಉಸಿರು ಊದಿಕೊಂಡು ಟೈಪಿಸಿದ.
ಕಾರ್ಡ್ ಎದ್ದಿತು, ತನ್ನ ಹೆಸರು ಹೇಳಿತು,
ಆದರೂ ಕಿವುಡು.
ತಡೆ ಇದೆ, ಗಟ್ಟಿ ತಡೆ, ಎಂದಿತು ತೆರೆ.
ಆಜ್ಞೆಗೆ ಜಗ್ಗಲಿಲ್ಲ, ಬೈಗುಳಕ್ಕೂ.
ಅಷ್ಟರಲ್ಲಿ ಕಾಲಿಮಾ ಮೇಜು ಒರೆಸುತ್ತ
ಲ್ಯಾಪ್‌ಟಾಪಿನ ಅಂಚನ್ನೂ ಒರೆಸಿದಳು.
ಟಕ್.
ಸೂರ್ಯಕಾಂತಿ ಬೀಜದಷ್ಟು ಸ್ವಿಚ್ಚು.
ಜರ್ಮನಿಯ ಆ ಯಾರೋ
ಮನೆ ಬಿಡುವಾಗ ದೀಪ ಆರಿಸುವ ಹಾಗೆ
ಆರಿಸಿ ಕಳಿಸಿದ್ದ.
"ನಾನೇನೂ ಮುರಿದಿಲ್ಲ," ಅಂದಳು ಕಾಲಿಮಾ,
ಬಟ್ಟೆ ಬೆನ್ನ ಹಿಂದೆ.

ಆಮೇಲೆ ತೆರೆಯೊಳಗೆ ಬೀದಿ ಬಂದು ನಿಂತಿತು:
ರೊಟ್ಟಿ ಅಂಗಡಿ. ಪಶುವೈದ್ಯ. ಶಾಲೆ ಎರಡು.
ಯಾರೋ ಒಬ್ಬರದು, ಕದಿಯಬೇಡಿ.
ಇಷ್ಟು ಜನ ಈ ಕೋಣೆಯಲ್ಲೇ ಇದ್ದರೇ ಇಷ್ಟು ದಿನ,
ಗೋಡೆ ದಾಟಿ, ಬೂಟಿನ ಸದ್ದಿಲ್ಲದೆ?
ಎಲ್ಲರಿಗಿಂತ ಮೇಲೆ, ಗೆರೆಗಳೆಲ್ಲ ತುಂಬಿ:
ಝುಮಾಬೆಕ್.
ಅಕ್ಟೋಬರಿನಲ್ಲಿ ಮಣ್ಣು ಮಾಡಿ ಬಂದಿದ್ದೆವು.

ಶಾಲೆಯ ಪಾಸ್‌ವರ್ಡ್ ಹೆಡ್ಮಾಸ್ತರ ಜೇಬಿನಲ್ಲಿ,
ಹೆಡ್ಮಾಸ್ತರು ಬಿಷ್ಕೆಕ್‌ನಲ್ಲಿ.
ರಸ್ತೆ ದಾಟಿ ಸೈರಾಶಳ ಬಾಗಿಲು ತಟ್ಟಿದೆ.
ಆರಿಸಲಿಲ್ಲ, ಅಂದಳು. ಹಾಕಿದ್ದು ಅವನು,
ಯಾವ ಗುಂಡಿ ಅಂತ ಹೇಳಿಕೊಟ್ಟಿರಲಿಲ್ಲ.
ಪಾಸ್‌ವರ್ಡ್? ಕುದುರೆಯ ಹೆಸರು.
ಯಾವ ಕುದುರೆ?
ಉತ್ತರಕ್ಕೆ ಮೊದಲು ಚಹಾ ಸುರಿದಳು.

ಮೊದಲನೆಯದಲ್ಲ, ಅದನ್ನು ತೋಳ ತಿಂದಿತು.
ಮೂರನೆಯದು ಅಳಿಯನ ಹತ್ತಿರವಿದೆ, ಅದೂ ಅಲ್ಲ.
ಎರಡನೆಯದನ್ನು ಮಾರಿದ ದಿನ
ಅವನು ಊಟ ಮಾಡಿರಲಿಲ್ಲ.
ಅಯ್‌ಕಾಷ್ಕಾ, ಹಣೆಯ ಮೇಲೆ ಚಂದ್ರ ಇದ್ದದ್ದು.
ಬರೆದುಕೊಂಡು ಓಡಿ ಬಂದು ಹೊಡೆದೆ: ತಪ್ಪು.
ಮತ್ತೆ ಹೊಡೆದೆ: ತಪ್ಪು.
ಚುಕ್ಕಿಗಳ ಹಿಂದೆ ಏನು ಬಿದ್ದಿದೆಯೋ ಕಾಣದು.
"ವೈ, ಅಕ್ಕ," ಅಂದ ಎಸೆನ್. "ಜೆಡ್ ಒತ್ತಿ."

ಹಾಳೆ ತೆರೆಯಿತು: ಓದುಗರು ಎಷ್ಟು?
ರಿಜಿಸ್ಟರಿನಲ್ಲಿ ಇನ್ನೂರ ಹನ್ನೆರಡು,
ಝುಮಾಬೆಕ್ ಸೇರಿದರೆ ಹದಿಮೂರು.
ಜೇನುಸಾಕಣೆಯ ಪುಸ್ತಕ, ಹಳೇ ಅಟ್ಲಾಸು,
ಎರಡೂ ಇನ್ನೂ ಅವನಲ್ಲೇ ಇವೆ.
ಅವನ ಗಾಳಿಯಲ್ಲಿ ಕೂತು
ಅವನ ಹೆಸರು ಹೊಡೆಯಲೇ?
ಹದಿಮೂರು ಎಂದು ತುಂಬಿ ಕಳಿಸಿದೆ.

ಎಸೆನ್ ರಿಜಿಸ್ಟರಿನೊಳಗೆ ಇಣುಕಿ,
ತುಸು ಹೊತ್ತು ಬಿಟ್ಟು:
"ಹಾಗಾದರೆ ದಂಡ ಯಾರು ಕಟ್ಟುವುದು ಅಕ್ಕ?"